ಸಮುದ್ರಕ್ಕೆ ಹಾಕಿದ ಮೂರು ಗೇಟು

ನಾನು ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನು. ಬರೆಯುವುದು ನನ್ನ ಕೆಲಸವಲ್ಲ, ವೆಲ್ಡಿಂಗ್ ನನ್ನ ಕೆಲಸ. ಆದರೆ ಸಮುದ್ರಕ್ಕೆ ಗೇಟು ಹಾಕಿದವನು ಇಡೀ ಪೀಣ್ಯದಲ್ಲಿ ನಾನೊಬ್ಬನೇ. ಆ ಕಥೆಯನ್ನು ಟೀ ಅಂಗಡಿಯಲ್ಲಿ ಒಬ್ಬೊಬ್ಬರು ಒಂದೊಂದು ಥರ ಹೇಳುತ್ತಿದ್ದಾರೆ. ಒಬ್ಬ ನಾನು ನೀರಿಗೆ ಬಿದ್ದೆ ಎನ್ನುತ್ತಾನೆ. ಬಿದ್ದಿಲ್ಲ. ಆಗಿದ್ದನ್ನು ನಾನೇ ಹೇಳುವುದು ವಾಸಿ.

ನಮ್ಮ ಶೆಡ್ಡಿನ ಮಾಲೀಕರು ಮೊದಲು ಸರ್ಕಾರಿ ಕಾರ್ಖಾನೆಯಲ್ಲಿ ಟರ್ನರ್ ಆಗಿದ್ದವರು. ಕೆಲಸ ಬಿಟ್ಟರೂ ಅಲ್ಲಿನ ಅಭ್ಯಾಸ ಬಿಟ್ಟಿರಲಿಲ್ಲ. ನಮಗೆ ಸೈರನ್ ಇಲ್ಲ. ಅದಕ್ಕೆ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಬಾಗಿಲಲ್ಲಿ ನಿಂತು, ನೇತುಹಾಕಿದ ಕಬ್ಬಿಣದ ತುಂಡಿಗೆ ಸುತ್ತಿಗೆಯಿಂದ ತಾವೇ ಹೊಡೆಯುತ್ತಿದ್ದರು. ಇದ್ದವರು ನಾವು ಐದು ಜನ. ಐವರೂ ಅವರ ಎದುರಿಗೇ ಟೀ ಕುಡಿಯುತ್ತಾ ನಿಂತಿರುತ್ತಿದ್ದೆವು.

ಶೆಡ್ಡಿನ ಕೆಲಸವೆಂದರೆ ಫ್ಯಾಕ್ಟರಿ ಕಾಂಪೌಂಡುಗಳಿಗೆ ಗ್ರಿಲ್. ಉದ್ದ ಪಟ್ಟಿ, ಅಡ್ಡ ಪಟ್ಟಿ, ಮತ್ತೆ ಉದ್ದ ಪಟ್ಟಿ. ಮೂರು ವರ್ಷ ಅದನ್ನೇ ಮಾಡಿ ನನಗೆ ಕಣ್ಣು ಮುಚ್ಚಿದರೂ ಪಟ್ಟಿಯೇ ಕಾಣುತ್ತಿತ್ತು. ನನಗೆ ಗೇಟು ಮಾಡುವ ಆಸೆ. ಗ್ರಿಲ್ಲನ್ನು ಯಾರೂ ನೋಡುವುದಿಲ್ಲ. ಗೇಟನ್ನು ಎಲ್ಲರೂ ನಿಂತು ನೋಡಲೇಬೇಕು, ಮುಚ್ಚಿದ್ದರಂತೂ ಬೇರೆ ದಾರಿಯೇ ಇಲ್ಲ.

ಆಗ ಕರಾವಳಿಯ ಒಂದು ಸಣ್ಣ ಬಂದರು ಊರಿನಿಂದ ಆರ್ಡರ್ ಬಂತು. ಹಿಂದೆ ಅಲ್ಲಿಂದ ಹೆಂಚು, ಮರ ಎಲ್ಲ ಹಡಗು ಹತ್ತುತ್ತಿತ್ತಂತೆ. ಹಡಗು ಬರುವುದು ನಿಂತ ಮೇಲೆ ದಕ್ಕೆ ಪಾಳು ಬಿತ್ತು. ದಕ್ಕೆ ಎಂದರೆ ದೋಣಿ ಬಂದು ನಿಲ್ಲುವ ಕಲ್ಲಿನ ಕಟ್ಟೆ. ಅದರ ಮೇಲೆ ಮುರಿದ ದೋಣಿ, ಹರಿದ ಬಲೆ, ಇಸ್ಪೀಟು ಆಡುವವರು. ಮೀನಿನ ದೋಣಿಗಳು ಮಾತ್ರ ದಿನಾ ಬರುತ್ತಿದ್ದವು. ಪುರಸಭೆಯವರಿಗೆ ಇದನ್ನು ಚೆಂದ ಮಾಡುವ ಮನಸ್ಸಾಯಿತು. ಸಂಜೆ ಊರಿನವರು ಬಂದು ಗಾಳಿ ತೆಗೆದುಕೊಳ್ಳಬೇಕು. ದೇವಸ್ಥಾನ ನೋಡಿ ತಕ್ಷಣ ಬಸ್ಸು ಹತ್ತುವ ಪ್ರವಾಸಿಗರು ಅರ್ಧ ದಿನವಾದರೂ ನಿಲ್ಲಬೇಕು. ಚಪ್ಪಡಿ ಹಾಸಿದರು, ದೀಪದ ಕಂಬ ನೆಟ್ಟರು. ಬೆಂಚು ಮತ್ತು ರೇಲಿಂಗ್ ನಮಗೆ ಬಂತು. ಯಾಕೆ ನಮಗೇ ಎಂದರೆ, ಪುರಸಭೆ ಎಂಜಿನಿಯರ ಭಾವಮೈದ ದಾಸರಹಳ್ಳಿಯಲ್ಲಿ ನಮ್ಮ ಮಾಲೀಕರ ಪಕ್ಕದ ಮನೆಯಲ್ಲಿದ್ದ. ಬೇರೆ ಕಾರಣ ನನಗೆ ಗೊತ್ತಿಲ್ಲ.

ಡ್ರಾಯಿಂಗ್ ಬಿಚ್ಚಿದೆವು. ದಕ್ಕೆಯ ಉದ್ದಕ್ಕೂ ರೇಲಿಂಗು. ನೀರಿಗೆ ಮೆಟ್ಟಿಲು ಇಳಿಯುವ ಮೂರು ಕಡೆ ಮಾತ್ರ ಖಾಲಿ.

“ಮೂರು ಕಡೆ ಬಿಟ್ಬಿಟ್ಟವ್ರಲ್ಲೋ,” ಮಾಲೀಕರು ಕನ್ನಡಕ ಮೇಲೇರಿಸಿದರು.

“ಮರ್ತಿರ್ತಾರೆ ಸಾರ್. ಅಲ್ಲಿ ಗೇಟು ಬರ್ಬೇಕು.”

“ಡ್ರಾಯಿಂಗಲ್ಲಿ ಇಲ್ಲ.”

“ಜಾಗ ಬಿಟ್ಮೇಲೆ ಗೇಟು ಇಲ್ದೆ ಇರ್ತದಾ ಸಾರ್? ಇದನ್ನೂ ಬರ್ದು ಕೊಡ್ಬೇಕಾ? ಅಂಗೇ ಬಿಟ್ರೆ ಯಾರ್ ಬೇಕಾದ್ರೂ ನುಗ್ತಾರೆ.”

ನನ್ನ ಮಾತು ಕೇಳಿ ನಗಬೇಡಿ. ಪೀಣ್ಯದಲ್ಲಿ ಗೇಟಿಲ್ಲದ ಸಂದು ತೋರಿಸಿ ನೋಡೋಣ. ನಮ್ಮ ಪಕ್ಕದ ಶೆಡ್ಡಿನ ಕಾಂಪೌಂಡು ಒಂದು ಮಳೆಗಾಲದಲ್ಲಿ ಪೂರ್ತಿ ಬಿದ್ದುಹೋಗಿತ್ತು. ಗೇಟು ಮಾತ್ರ ನಿಂತಿತ್ತು. ಅವರ ವಾಚ್‌ಮನ್ ಎಂಟು ತಿಂಗಳು ಆ ಗೇಟಿಗೆ ಬೀಗ ಹಾಕಿ ತೆಗೆದು ಮಾಡಿದ. ಲೋಡು ತಂದ ಲಾರಿ ಡ್ರೈವರುಗಳೂ ಪಕ್ಕದ ಬಯಲಲ್ಲಿ ಹೋಗದೆ ಗೇಟಿನ ಮುಂದೆ ಹಾರ್ನ್ ಹೊಡೆದು ಕಾಯುತ್ತಿದ್ದರು. ಅಂಥ ಜಾಗದಲ್ಲಿ ಕೆಲಸ ಕಲಿತವರು ನಾವು.

ಮಾಲೀಕರಿಗೂ ನನ್ನ ಮಾತು ಸರಿ ಎನಿಸಿತು. “ಸರಿ, ಮಾಡು. ನಮ್ ಕಡೆಯಿಂದ ಪುಕ್ಸಟ್ಟೆ ಅಂತ ಕೊಡಾಣ. ಅವ್ರು ಮೆಚ್ಕೊಂಡ್ರೆ ಇನ್ಮೇಲೆ ಶೆಡ್ಡಿನ ಗೇಟ್ ಕೆಲ್ಸ ಎಲ್ಲಾ ನಿಂದೇ.”

“ಮೆಚ್ಕೊಳ್ದಿದ್ರೆ?”

“ರಿಟೈರಾಗೋವರ್ಗೂ ಗ್ರಿಲ್ಲು.”

ಮೂರು ಗೇಟಿಗೆ ಮೂರು ವಾರ ತೆಗೆದುಕೊಂಡೆ. ಪ್ರತಿಯೊಂದರ ನಡುವೆ ಪಟ್ಟಿ ಬಗ್ಗಿಸಿ ಜೋಡಿ ಮೀನು ಕೂರಿಸಿದೆ. ನಮ್ಮ ಪೇಂಟರ್ ಅಣ್ಣ ಅದನ್ನು ತಿರುಗಿಸಿ ತಿರುಗಿಸಿ ನೋಡಿ, “ಬದನೇಕಾಯಿ ಸಕ್ಕತ್ತಾಗಿದೆ ಮಚ್ಚಾ,” ಎಂದ. ಅವನ ಮಾತಿಗೆ ನಾನು ಬೆಲೆ ಕೊಡುವುದಿಲ್ಲ. ಗೇಟು ತಾನಾಗಿ ಮುಚ್ಚಿಕೊಳ್ಳಲಿ ಎಂದು ಗುಜರಿಯಿಂದ ಗಟ್ಟಿ ಸ್ಪ್ರಿಂಗ್ ತಂದು ಹಾಕಿದೆ. ಚಿಲಕವನ್ನು ಎದೆಮಟ್ಟಕ್ಕೆ ಇಟ್ಟೆ. ತೆಗೆಯಲು ಎರಡು ಕೈ ಬೇಕು. ಒಂದು ಕೈ ಚಿಲಕ ಎತ್ತಬೇಕು, ಇನ್ನೊಂದು ಸ್ಪ್ರಿಂಗಿಗೆ ಎದುರಾಗಿ ತಳ್ಳಬೇಕು. ಮಕ್ಕಳ ಕೈಲಿ ಆಗಬಾರದು ಎಂದು ಲೆಕ್ಕ ಹಾಕಿಯೇ ಮಾಡಿದ್ದೆ. ಎಂಜಿನಿಯರು ನೋಡಲು ಬಂದವರು ಎರಡು ಕಾಫಿ ಕುಡಿದು, ಗೇಟನ್ನು ನಾಲ್ಕು ಸಲ ಬಡಿದು, ಬಹಳ ಒಳ್ಳೆಯದಾಯಿತು ಎಂದು ಹೋದರು.

ಲಾರಿಯಲ್ಲಿ ಎಲ್ಲ ಹೇರಿಕೊಂಡು ನಾನು ಮತ್ತು ಪೇಂಟರ್ ಘಟ್ಟ ಇಳಿದೆವು. ಇಬ್ಬರೂ ಸಮುದ್ರ ನೋಡಿದವರಲ್ಲ. ಪೇಂಟರ್ ಈ ತುದಿಯಿಂದ ಆ ತುದಿಯವರೆಗೆ ನೋಡಿ, “ಇಷ್ಟೊಂದ್ ನೀರು ಇಟ್ಕೊಂಡು ದಾಸರಹಳ್ಳಿಗೆ ಒಂದು ಪೈಪ್ ಎಳೀಬಾರ್ದಾ?” ಎಂದ.

ಐದು ದಿನದಲ್ಲಿ ಬೆಂಚು, ರೇಲಿಂಗು, ಗೇಟು ಎಲ್ಲ ಕೂರಿಸಿದೆವು. ಸಂಜೆ ಊರಿನವರು ಬಂದು ಕೂತರು. ನಾವು ಬೆಂಚುಗಳನ್ನು ಸಮುದ್ರದ ಕಡೆ ಮುಖ ಮಾಡಿ ಹಾಕಿದ್ದೆವು. ಅವರು ಒರಗುವ ಕಡೆ ಕಾಲು ತೂರಿಸಿ, ಸಮುದ್ರಕ್ಕೆ ಬೆನ್ನು ಹಾಕಿ, ರಸ್ತೆ ನೋಡುತ್ತಾ ಕೂತರು. ಬೆಂಗಳೂರು ಬಸ್ಸಿನಿಂದ ಯಾರು ಇಳಿಯುತ್ತಾರೆ ಎನ್ನುವುದು ಅವರಿಗೆ ಮುಖ್ಯ. ಸಮುದ್ರ ಎಲ್ಲಿಗೂ ಹೋಗುವುದಿಲ್ಲವಲ್ಲ.

ಮಾರನೇ ಬೆಳಿಗ್ಗೆ ದೋಣಿಗಳು ಬಂದವು. ಆ ಊರಿನಲ್ಲಿ ದೋಣಿಯಿಂದ ಮೀನು ಹೊರುವವರು ಹೆಂಗಸರು. ತಲೆಯ ಮೇಲೆ ಸಿಂಬೆ, ಅದರ ಮೇಲೆ ತುಂಬಿದ ಬುಟ್ಟಿ. ಮೆಟ್ಟಿಲು ಹತ್ತಿ, ದಕ್ಕೆ ದಾಟಿ, ಹರಾಜಿನ ಕಟ್ಟೆಗೆ ಓಡಬೇಕು. ಮೊದಲು ತಲುಪಿದ ಬುಟ್ಟಿಗೆ ಒಳ್ಳೆಯ ಬೆಲೆ. ಎಲ್ಲರಿಗಿಂತ ಮುಂದೆ ಒಬ್ಬ ವಯಸ್ಸಾದ ಹೆಂಗಸು ಬಂದು ನನ್ನ ಗೇಟಿನ ಹಿಂದೆ ನಿಂತಳು. ಎರಡು ಕೈಯೂ ಬುಟ್ಟಿಯ ಮೇಲಿತ್ತು. ಅವಳ ಹಿಂದೆ ಮೆಟ್ಟಿಲ ತುಂಬ ಹೆಂಗಸರು.

“ಎಂತ ಮಾರಾಯ ಇದು? ಸಮುದ್ರ ಓಡಿ ಹೋಗ್ತದೆ ಅಂತ ಬಾಗಿಲು ಹಾಕಿದ್ದಾ?”

“ಸೇಫ್ಟಿಗೆ ಅಕ್ಕ.”

“ಯಾರಿಗೆ? ಮೀನಿಗಾ?”

ಓಡಿಹೋಗಿ ತೆಗೆದೆ. ಅವಳು ದಾಟಿದಳು. ಕೈ ಬಿಟ್ಟೆ. ಸ್ಪ್ರಿಂಗ್ ಒಳ್ಳೆಯದಿತ್ತು, ಎರಡನೆಯವಳ ಮೂಗಿನ ಮುಂದೆ ಧಡ್ ಎಂದು ಮುಚ್ಚಿತು. ಅಷ್ಟು ಬೈಗುಳ ನಾನು ಪೀಣ್ಯದಲ್ಲೂ ಕೇಳಿಲ್ಲ.

ಅವರು ಹಗ್ಗ ತಂದು ಗೇಟನ್ನು ರೇಲಿಂಗಿಗೆ ಕಟ್ಟಿಹಾಕಿದರು. ಹರಾಜು ಮುಗಿದ ಮೇಲೆ ನಾನು ಬಿಚ್ಚಿದೆ. ಮಾರನೇ ದಿನ ಮತ್ತೆ ಕಟ್ಟಿದರು. ಮತ್ತೆ ಬಿಚ್ಚಿದೆ. ಎಳೆದು ಕಟ್ಟಿದರೆ ಸ್ಪ್ರಿಂಗ್ ಕೆಡುತ್ತದೆ, ಅದು ನನ್ನ ಚಿಂತೆ. ಎಂಜಿನಿಯರಿಗೆ ಬೇರೆ ಚಿಂತೆ. ಆಮಂತ್ರಣ ಪತ್ರಿಕೆಯಲ್ಲಿ, ಸಚಿವರು ನಡುವಿನ ಗೇಟು ತೆರೆದು ಉದ್ಘಾಟನೆ ಮಾಡುತ್ತಾರೆ ಎಂದು ಅಚ್ಚು ಹಾಕಿಸಿಬಿಟ್ಟಿದ್ದರು.

“ಇನ್ನು ಎರಡು ದಿನ ಸುಧಾರಿಸಿ,” ಎಂದರು. “ಬೆಳಿಗ್ಗೆ ಹೊತ್ತು ನೀವೇ ನಿಂತು ಅವರಿಗೆ ತೆಗೆದುಕೊಡಿ. ಎಂತದು ಕಷ್ಟ ಅದರಲ್ಲಿ?”

ಹಾಗೆ ವೆಲ್ಡರ್ ಆಗಿ ಹೋದ ನಾನು ವಾಚ್‌ಮನ್ ಆದೆ. ನಡುವಿನ ಗೇಟಿಗೆ ನಾನು, ಪಕ್ಕದ್ದಕ್ಕೆ ಪೇಂಟರ್. ಮೂರನೆಯದಕ್ಕೆ ಯಾರೂ ಇಲ್ಲದ್ದರಿಂದ ಅಲ್ಲಿಯ ಹೆಂಗಸರೂ ನಮ್ಮ ಕಡೆಯೇ ನುಗ್ಗಿದರು. ನನ್ನ ಹೆಸರು ಯಾರೂ ಕೇಳಲಿಲ್ಲ. “ಏ ಗೇಟು, ತೆಗಿ!” “ಗೇಟಿಗೆ ನಿದ್ದೆ ಬಂತು ಕಾಣ್ತದೆ.” “ಗೇಟಿಗೆ ಮದುವೆ ಆಗಿದ್ಯಾ ಕೇಳೇ.” ಪೇಂಟರ್ ಅಲ್ಲಿಂದಲೇ ಕೂಗಿ, ಆಗಿಲ್ಲ ಎಂದು ತಿಳಿಸಿದ.

ಆ ಗಡಿಬಿಡಿಯಲ್ಲಿ ಒಂದು ಸಲ ನನ್ನ ಕೈ ಜಾರಿತು. ಗೇಟು ಬೀಸಿ ಬಂದು ವಯಸ್ಸಾದ ಹೆಂಗಸಿನ ಭುಜಕ್ಕೆ ಹೊಡೆಯಿತು. ಬುಟ್ಟಿ ಉರುಳಿ ಬಂಗುಡೆ ಮೀನೆಲ್ಲ ಮೆಟ್ಟಿಲ ಮೇಲೆ ಚೆಲ್ಲಿತು. ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಕೂತು ಒಂದೊಂದೇ ಮೀನು ಆರಿಸತೊಡಗಿದಳು. ನಾನೂ ಆರಿಸಿದೆ. ಅಷ್ಟು ಹೊತ್ತಿಗೆ ಹರಾಜಿನ ಕೂಗು ಶುರುವಾಗಿತ್ತು. ಅವಳು ಒಮ್ಮೆ ಆ ಕಡೆ ನೋಡಿ, ಸಿಂಬೆಯನ್ನು ನನ್ನ ತಲೆಯ ಮೇಲಿಟ್ಟಳು.

“ಭುಜ ನೋಯ್ತದೆ. ನೀನೇ ಹೊತ್ಕೊಂಡು ಬಾ.”

“ನಾನಾ?”

“ಮತ್ತೆ? ನಿನ್ನ ಬಾಗಿಲಲ್ವಾ? ನಿನಗೆ ಸುಲಭ.”

ಇಬ್ಬರು ಸೇರಿ ಬುಟ್ಟಿ ಎತ್ತಿಟ್ಟರು. ಕುತ್ತಿಗೆ ಒಳಗೆ ಹೋದಂತಾಯಿತು. ಮೀನಿನ ನೀರು ಕಣ್ಣಿಗೆ ಇಳಿಯಿತು, ಒರೆಸಲು ಕೈ ಖಾಲಿ ಇಲ್ಲ. ಎರಡು ಮೆಟ್ಟಿಲು ಹತ್ತಿ ನನ್ನ ಗೇಟಿನ ಮುಂದೆ ನಿಂತೆ. ಬಗ್ಗುವ ಹಾಗಿಲ್ಲ, ಚಿಲಕ ಕಾಣುವುದಿಲ್ಲ. ಮೊಣಕಾಲಿನಿಂದ ತಳ್ಳಿದೆ, ಬರಲಿಲ್ಲ. ಹೇಗೆ ಬರುತ್ತದೆ? ಬರಬಾರದು ಎಂದೇ ಮೂರು ವಾರ ಕೂತು ಮಾಡಿದವನು ನಾನು. ಹಿಂದೆ ಹೆಂಗಸರೆಲ್ಲ ನನ್ನನ್ನೇ ನೋಡುತ್ತಾ ನಿಂತಿದ್ದರು. ಒಬ್ಬಳೂ ನಗಲಿಲ್ಲ. ನಕ್ಕಿದ್ದರೆ ವಾಸಿ ಇತ್ತು. ಕೊನೆಗೆ ಪೇಂಟರ್ ಓಡಿ ಬಂದು ತೆಗೆದ. ನಾವು ಹರಾಜಿನ ಕಟ್ಟೆ ಮುಟ್ಟಿದಾಗ ಮೀನು ಕೊಳ್ಳುವವರು ಕೈ ಒರೆಸಿಕೊಂಡು ಸೈಕಲ್ ಹತ್ತುತ್ತಿದ್ದರು.

ಪೋಸ್ಟ್ ಆಫೀಸಿಗೆ ಹೋಗಿ ಮಾಲೀಕರಿಗೆ ಟ್ರಂಕ್ ಕಾಲ್ ಬುಕ್ ಮಾಡಿದೆ. ಮಧ್ಯಾಹ್ನದವರೆಗೆ ಕಾದೆ, ಲೈನ್ ಸಿಗಲಿಲ್ಲ. ಸಿಕ್ಕಿದ್ದರೆ ಅವರು ಏನು ಹೇಳುತ್ತಿದ್ದರು ಎಂದು ನನಗೆ ಗೊತ್ತಿತ್ತು. ಗೇಟು ಮುಟ್ಟಬೇಡ ಎನ್ನುತ್ತಿದ್ದರು. ಲೈನ್ ಸಿಗದಿದ್ದಕ್ಕೆ ಒಳಗೊಳಗೇ ಖುಷಿಯೂ ಆಯಿತು.

ವಾಪಸ್ ಬಂದು ಗರಗಸ ತೆಗೆದೆ.

“ಏನ್ ಮಚ್ಚಾ ಮಾಡ್ತಿದ್ದೀಯ?” ಪೇಂಟರ್ ಬ್ರಷ್ ಕೆಳಗಿಟ್ಟ.

“ಕುಯ್ತಾ ಇವ್ನಿ.”

“ರಿಟೈರಾಗೋವರ್ಗೂ ಗ್ರಿಲ್ಲು, ನೆನಪಿದೆಯಾ?”

“ಐತೆ. ಬಾಯ್ಮುಚ್ಕೊಂಡು ಆ ಕಡೆ ಇಡ್ಕೊ.”

ಗೇಟನ್ನು ರೇಲಿಂಗಿಗೆ ಹಿಡಿದಿದ್ದ ತಿರುಗಣಿ ಒಂದಕ್ಕೆ ಎರಡು, ಒಟ್ಟು ಆರು. ಚೆನ್ನಾಗಿ ವೆಲ್ಡ್ ಮಾಡುವವನ ಕಷ್ಟ ಏನೆಂದು ಆ ದಿನ ಗೊತ್ತಾಯಿತು. ನಾಲ್ಕು ಬ್ಲೇಡು ಮುರಿದವು. ಕುಯ್ದ ಕಡೆ ಚೂಪು ಉಳಿದಿತ್ತು. ಸೀರೆ ಸಿಕ್ಕಿಕೊಳ್ಳುತ್ತದೆ ಎಂದು ಅರ ಹಾಕಿ ಉಜ್ಜಿದೆ. ಪೇಂಟರ್ ಬಣ್ಣ ಬಳಿದ. ಎಂಜಿನಿಯರು ಬಂದಾಗ ಮೂರು ಗೇಟೂ ಗೋಡೆಗೆ ಒರಗಿದ್ದವು. ಅವರು ಅಲ್ಲೇ ಬೆಂಚಿನ ಮೇಲೆ ಕೂತರು. ಅವರು ಮಾತ್ರ ಸರಿಯಾಗಿ ಸಮುದ್ರದ ಕಡೆ ಮುಖ ಮಾಡಿ ಕೂತರು.

“ಎಂತದು ಮಾಡಿದ್ದು ಮಾರಾಯ್ರೆ! ನಾಳೆ ಸಚಿವರು ಎಂತದನ್ನು ತೆಗೆಯೋದು?”

ವಯಸ್ಸಾದ ಹೆಂಗಸು ಬಲೆಯ ಪಕ್ಕ ಎಲೆ ಅಡಿಕೆ ಹಾಕುತ್ತಾ ಕೂತಿದ್ದಳು. “ಬಾಯಿ ತೆಗೀಲಿ,” ಎಂದಳು. “ಭಾಷಣ ಮಾಡಿ ಹೋಗ್ಲಿ.”

ಕೊನೆಗೆ ನಡುವಿನ ಜಾಗಕ್ಕೆ ಕೆಂಪು ರಿಬ್ಬನ್ ಕಟ್ಟುವುದೆಂದು ಆಯಿತು. ಬೆಳಿಗ್ಗೆ ಎಂಟಕ್ಕೆ ಕಟ್ಟಿದರು. ಸಚಿವರ ಕಾರು ಒಂಬತ್ತಾದರೂ ಬರಲಿಲ್ಲ. ದೋಣಿಗಳು ಬಂದವು. ಪಕ್ಕದ ಎರಡು ದಾರಿಗೆ ಹೋಗಿ ಎಂದು ಎಂಜಿನಿಯರು ಕೈ ಬೀಸಿ ಕೂಗಿದರು. ವಯಸ್ಸಾದ ಹೆಂಗಸಿನ ದೋಣಿ ನಿಂತಿದ್ದು ನಡುವಿನ ಮೆಟ್ಟಿಲಿಗೆ. ಆವತ್ತು ಮೊದಲ ಬುಟ್ಟಿ ಅವಳದೇ. ಅವಳು ಕೆಳಗೆ ನೋಡಲೂ ಇಲ್ಲ, ನಿಲ್ಲಲೂ ಇಲ್ಲ. ರಿಬ್ಬನ್ ಅವಳ ಎದೆಗೆ ಸಿಕ್ಕಿ, ಕಿತ್ತು, ಹೆಗಲ ಮೇಲೆ ಬಿದ್ದು, ಅವಳ ಜೊತೆಗೇ ಹರಾಜಿನ ಕಟ್ಟೆಗೆ ಹೋಯಿತು. ಹಿಂದೆ ಇಪ್ಪತ್ತು ಹೆಂಗಸರು ಅದೇ ದಾರಿಯಲ್ಲಿ ಓಡಿದರು. ನಾನು ಪಕ್ಕಕ್ಕೆ ಸರಿದು ನಿಂತೆ. ಯಾರೂ ನನ್ನನ್ನು ಕೂಗಲಿಲ್ಲ. ಅಲ್ಲಿ ನನ್ನ ಅಗತ್ಯವೇ ಇರಲಿಲ್ಲ.

ಸಚಿವರು ಬಂದಾಗ ರಿಬ್ಬನ್ ಮತ್ತೆ ಕಟ್ಟಿದ್ದೆವು. ಸ್ವಲ್ಪ ಮೀನಿನ ವಾಸನೆ ಇತ್ತು, ಅವರು ಮೂಗು ಉಜ್ಜಿಕೊಂಡು ಕತ್ತರಿಸಿದರು.

ಪೀಣ್ಯಕ್ಕೆ ಮರಳಿದ ಲಾರಿಯಲ್ಲಿದ್ದ ಮೂರು ಗೇಟನ್ನು ಮಾಲೀಕರು ಎಣಿಸಿ ನೋಡಿದರು. ಎಂಜಿನಿಯರ ಭಾವಮೈದ ಆಗಲೇ ಎಲ್ಲ ಹೇಳಿಯಾಗಿತ್ತು. ಗ್ರಿಲ್ಲಿನ ಪಟ್ಟಿಗಳ ಕಡೆ ಬೆರಳು ತೋರಿಸಿದರು. ಹೋಗಿ ಕುಯ್ಯಲು ಕೂತೆ. ಒಂದು ಗೇಟನ್ನು ನಮ್ಮ ಶೆಡ್ಡಿನ ಕಕ್ಕಸಿನ ದಾರಿಗೆ ಹಾಕಿಸಿದರು. ಅರ್ಜೆಂಟಾಗಿ ಹೋಗುವವರು ಎರಡು ಕೈ ಹಾಕಿ ತೆಗೆಯುವಾಗ ನನ್ನನ್ನು ನೆನೆಯುತ್ತಾರೆ.

ಗ್ರಿಲ್ಲೇ ಮಾಡುತ್ತಿದ್ದೇನೆ. ಮೊನ್ನೆ ಹೊಸ ಡ್ರಾಯಿಂಗ್ ಬಂದಾಗ ಮಾಲೀಕರೇ ಕರೆದರು.

“ಇಲ್ಲೊಂದ್ ಕಡೆ ಜಾಗ ಬಿಟ್ಟವ್ರೆ. ಏನೋ ಮಾಡಾಣ?”

“ಇಲ್ಲಿ ಓಡಾಡೋರು ತಲೆ ಮೇಲೆ ಏನ್ ಇಟ್ಕೊಂಡಿರ್ತಾರೆ ಸಾರ್?”

ಮಾಲೀಕರು ನನ್ನನ್ನೇ ದಿಟ್ಟಿಸಿದರು. “ಬೇರಿಂಗ್ ಫ್ಯಾಕ್ಟ್ರಿ ಕಣಯ್ಯಾ ಅದು! ತಲೆ ಮೇಲೆ ಏನಿರ್ತದೆ, ಕೂದ್ಲು!”

“ಆದ್ರೂ ಒಂದ್ ಕಿತ ಓಗಿ ನೋಡ್ಕಂಬತ್ತೀನಿ,” ಎಂದು ಸೈಕಲ್ ತೆಗೆದೆ. ಅವರು ಬೇಡ ಎನ್ನಲಿಲ್ಲ.