ಹಾಲಮ್ಮನ ತಲೆಯ ಮೇಲಿನ ಆಣೆ

ಹಾಲಮ್ಮ ನನ್ನ ತಂಗಿ. ನಮ್ಮಿಬ್ಬರನ್ನೂ ಒಂದೇ ಊರಿಗೆ ಕೊಟ್ಟಿದ್ದರು. ತಿಪಟೂರಿನಿಂದ ತುರುವೇಕೆರೆ ಬಸ್ಸು ಹಿಡಿದು, ನಡುವೆ ಇಳಿದು, ತೋಟಗಳ ಒಳಗೇ ನಡೆದು ಸೇರಬೇಕಾದ ಊರು. ನನ್ನ ಯಜಮಾನರು ತೀರಿಕೊಂಡ ಮೇಲೆ ನಾನು ಅವಳ ಮನೆಗೇ ಬಂದುಬಿಟ್ಟೆ. ಹಾಗಾಗಿ ಅವಳ ಬದುಕನ್ನು ನಾನು ಪಕ್ಕದಲ್ಲೇ ಕೂತು ನೋಡಿದವಳು. ನನಗೆ ಮೂರನೇ ಕ್ಲಾಸಿಗಿಂತ ಹೆಚ್ಚಿನ ಓದಿಲ್ಲ. ನೆನಪಿರುವಷ್ಟನ್ನು ನೆನಪಿರುವ ಹಾಗೆ ಬರೆಯುತ್ತೇನೆ.

ಹಾಲಮ್ಮ ಆಳು ಕುಳ್ಳಿ, ಕೈ ಮಾತ್ರ ಕಬ್ಬಿಣ. ಅಟ್ಟದ ಮೇಲೆ ವರ್ಷಗಟ್ಟಲೆ ಒಣಗಿದ ಕಾಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕೊಬ್ಬರಿ ಬಿಟ್ಟುಕೊಂಡಿದೆಯೋ ಇಲ್ಲವೋ ಹೇಳುತ್ತಿದ್ದಳು. ಮಚ್ಚಿನ ಬೆನ್ನಿನಿಂದ ಸುತ್ತ ತಟ್ಟಿದರೆ ಕರಟ ಬಿಚ್ಚಿಕೊಂಡು ಉಂಡೆ ಕೊಬ್ಬರಿ ಬಿರುಕಿಲ್ಲದೆ ಈಚೆಗೆ ಬರುತ್ತಿತ್ತು. ಊರಲ್ಲಿ ಯಾರ ಮನೆಯಲ್ಲಿ ಕೊಬ್ಬರಿ ಒಡೆಯುವುದಿದ್ದರೂ ಅವಳಿಗೆ ಕರೆ ಬರುತ್ತಿತ್ತು. ಅವಳು ಇರುವ ಕಡೆ ನಗುವೂ ಇರುತ್ತಿತ್ತು.

ಅವಳ ಗಂಡ ಚಿಕ್ಕಹನುಮಯ್ಯ ತೆಂಗಿನ ಮರ ಹತ್ತುವವನು. ಕುಡಿಯದೆ ಇದ್ದರೆ ಅವನಷ್ಟು ಒಳ್ಳೆಯವನಿಲ್ಲ, ಕುಡಿದರೆ ಅವನಷ್ಟು ಧೈರ್ಯವಂತನಿಲ್ಲ. ಆ ಧೈರ್ಯವೇ ಅವನನ್ನು ತಿಂದಿತು. ಒಂದು ಬೆಳಗ್ಗೆ ಸಾರಾಯಿ ಕುಡಿದು ಮರ ಹತ್ತಿದವನು ಗೊನೆ ಕಡಿದ, ಗೊನೆಯ ಹಿಂದೆ ತಾನೂ ಬಂದ.

ತಿಥಿಯ ದಿನ ಎಡೆ ಇಟ್ಟೆವು. ನಮ್ಮಲ್ಲಿ ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಡೆಗೆ ಇಡಬೇಕು. ಮುದ್ದೆ, ಬಾಡಿನ ಸಾರು, ಬೀಡಿ ಕಟ್ಟು, ಜೊತೆಗೆ ಒಂದು ಲೋಟ ಸಾರಾಯಿ. ಪೂಜೆ ಆದ ಮೇಲೆ ಮನೆಯ ಗಂಡಸರು ಆ ಲೋಟದಿಂದ ಒಂದೊಂದು ತೊಟ್ಟು ತುಟಿಗೆ ಮುಟ್ಟಿಸಿಕೊಳ್ಳುವುದು ರೂಢಿ. ಚಿಕ್ಕಹನುಮಯ್ಯನ ತಮ್ಮ ಆಂಜನಪ್ಪ ಲೋಟವನ್ನು ಮೈಲಾರಿಯ ಬಾಯಿಯ ಹತ್ತಿರ ಹಿಡಿದ. ಮೈಲಾರಿ ಹಾಲಮ್ಮನ ಒಬ್ಬನೇ ಮಗ, ಆಗಿನ್ನೂ ಮಿಡ್ಲ್ ಸ್ಕೂಲು.

"ನಿಮ್ಮಪ್ಪನ ಎಡೆ ಕಣ್ಲಾ. ಒಂದ್ ತೊಟ್ಟು ಮುಟ್ಟುಸ್ಕೊ, ಬ್ಯಾಡ ಅನ್ಬಾರ್ದು."

ಮೈಲಾರಿ ಹಿಂದಕ್ಕೆ ಸರಿದ. ಮೂಲೆಯಲ್ಲಿ ಕೂತಿದ್ದ ತಾಯಿಯ ತಲೆಯ ಮೇಲೆ ಎರಡೂ ಕೈ ಇಟ್ಟ. "ನಿನ್ ತಲೆ ಮೇಲಾಣೆ ಕಣವ್ವ, ಸಾಯೋಗಂಟ ಇದ್ನ ಮುಟ್ಟಲ್ಲ."

ತಾಯಿಯ ತಲೆ ಮುಟ್ಟಿ ಇಟ್ಟ ಆಣೆ ತಪ್ಪಿದರೆ ಆ ತಲೆ ಉಳಿಯುವುದಿಲ್ಲ ಎಂದು ನಮ್ಮ ಕಡೆ ಎಲ್ಲರಿಗೂ ನಂಬಿಕೆ. ಆಂಜನಪ್ಪ ಲೋಟವನ್ನು ತಾನೇ ಎತ್ತಿ ಮುಗಿಸಿದ. ಗಂಡನ ಹೆಣ ಎತ್ತುವಾಗಲೂ ಅಳದ ಹಾಲಮ್ಮ ಅವತ್ತು ಅತ್ತಳು.

ಅಲ್ಲಿಂದ ಮುಂದೆ ಆ ಆಣೆಯೇ ಅವಳ ಆಸ್ತಿ. ಕೊಬ್ಬರಿ ಒಡೆಯುವಾಗ ಬೇರೆ ಹೆಂಗಸರು ತಂತಮ್ಮ ಮಕ್ಕಳು ಪ್ಯಾಕೆಟ್ ಸಾರಾಯಿ ಕಲಿತದ್ದನ್ನು ಹೇಳಿ ಗೋಳಾಡಿದರೆ ಇವಳು ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದಳು. "ನನ್ ತಲೆ ಅವನ್ ಕೈಲೈತೆ ಕಣ್ರವ್ವ, ನಂಗೇನ್ ಭಯ" ಅನ್ನುತ್ತಿದ್ದಳು.

ಮೈಲಾರಿ ಬೆಳೆದ. ಮರ ಹತ್ತಲಿಲ್ಲ. ಕೊಬ್ಬರಿ ಲಾರಿಯಲ್ಲಿ ಕ್ಲೀನರಾಗಿ ಸೇರಿ ಡ್ರೈವರಾದ. ಆದರೆ ಅವನ ಮನಸ್ಸೆಲ್ಲ ಮಿಲಿಟರಿಯ ಮೇಲೆ. ಮಿಲಿಟರಿಗೆ ಆಳು ಆರಿಸುವಾಗ ತುಮಕೂರಿಗೆ ಎರಡು ಸಲ ಹೋಗಿ, ಅವರು ಓಡಿಸಿದಷ್ಟೂ ಓಡಿ ಬಂದ. ಮೊದಲ ಸಲ ಎದೆ ಸುತ್ತಳತೆ ಸಾಲದು ಅಂದರು. ಮುಂದಿನ ಸಲಕ್ಕೆ ಎದೆ ಬಂದಿತ್ತು, ವಯಸ್ಸು ಮೀರಿತ್ತು.

ಎರಡು ಸಾವಿರದ ಇಸವಿ ಬರುವ ಹೊತ್ತಿಗೆ ತಮಿಳುನಾಡಿನ ಕಡೆ ಲಾರಿ ಹೊಡೆಯುತ್ತಿದ್ದವನಿಗೆ ಪಾಂಡಿಚೇರಿಯ ಸಾಮಿಕಣ್ಣು ಅನ್ನುವ ಮುದುಕನ ಪರಿಚಯವಾಯಿತು. ಆತ ಫ್ರಾನ್ಸ್ ದೇಶದ ಸೈನ್ಯದಲ್ಲಿದ್ದು ಬಂದವನು. ಆ ದೇಶದಲ್ಲಿ ಹೊರದೇಶದವರನ್ನೇ ಸೇರಿಸಿಕೊಳ್ಳುವ ಒಂದು ಪಟಾಲಮ್ಮು ಇದೆಯಂತೆ. ಅವರು ಸರ್ಟಿಫಿಕೇಟು ಕೇಳುವುದಿಲ್ಲ, ಮೈ ಗಟ್ಟಿ ಇದ್ದರೆ ಸಾಕು. ಸಾಮಿಕಣ್ಣುವಿನ ಮಗ ಅಲ್ಲೇ ಇದ್ದಾನೆ, ವೀಸಾಕ್ಕೆ ಬೇಕಾದ ಕಾಗದ ಅವನೇ ಕಳಿಸುತ್ತಾನೆ. ಮೈಲಾರಿ ಇದನ್ನು ನನ್ನ ಹತ್ತಿರ ಮೊದಲು ಹೇಳಿದ.

"ಅಷ್ಟ್ ದೂರ ಯಾಕ್ಲಾ? ಲಾರಿ ಇಲ್ವೇನ್ಲಾ?" ಅಂದೆ.

"ಇಲ್ಲಿ ನನ್ ಕಂಡೋರೆಲ್ಲ, ಕುಡುದು ಮರದಿಂದ ಬಿದ್ದೋನ ಮಗ ಅಂತಾರೆ ದೊಡ್ಡವ್ವ. ಅಲ್ಲಿ ಸೇರ್ದೋರ್ಗೆ ಹೆಸ್ರೇ ಬೇರೆ ಇಡ್ತಾರಂತೆ."



ಮೈಲಾರಿ ಕೆರೆ ಏರಿಯ ಮೇಲೆ ಓಡತೊಡಗಿದ. ಮರಳಿನ ಚೀಲ ಬೆನ್ನಿಗೆ ಕಟ್ಟಿಕೊಂಡು ಓಡುತ್ತಿದ್ದ. ಅಟ್ಟದ ತೊಲೆ ಹಿಡಿದು ಜೋತು ಬಿದ್ದು ಮೈ ಎತ್ತುತ್ತಿದ್ದ. ತೊಲೆಯ ಧೂಳೆಲ್ಲ ಒಲೆಯ ಮೇಲಿನ ಸಾರಿಗೆ ಉದುರಿ ಹಾಲಮ್ಮ ಬೈಯುತ್ತಿದ್ದಳು. ಬೈಗುಳದಲ್ಲಿ ಸಿಟ್ಟಿರಲಿಲ್ಲ. ಮಗ ಸಿಪಾಯಿ ಆಗುತ್ತಾನೆ ಅನ್ನುವುದು ಅವಳಿಗೂ ಹಿಗ್ಗೇ.

ಕುಡಿತದ ವಿಷಯ ಬಂದದ್ದು ಆಮೇಲೆ. ಒಂದು ದಿನ ಮೈಲಾರಿ ಊಟಕ್ಕೆ ಕೂರದೆ ನಿಂತುಕೊಂಡ. ಲೋಟದ ತಳಕ್ಕೆ ಒಂದಿಷ್ಟು ಮಜ್ಜಿಗೆ ಹುಯ್ದುಕೊಂಡು, ಎದೆ ಸೆಟೆಸಿ, ಒಂದೇ ಉಸಿರಿಗೆ ಕುಡಿದು ಲೋಟ ಟಕ್ ಎಂದು ಇಟ್ಟ.

"ಇದ್ಯಾವ ಹೊಸ ವೇಸ ಕಣೋ?" ಅಂದಳು ಹಾಲಮ್ಮ ನಗುತ್ತಾ.

ಅವನು ತಲೆ ತಗ್ಗಿಸಿ ಹೇಳಿದ. ಆ ಪಟಾಲಮ್ಮಿನಲ್ಲಿ ದೊಡ್ಡ ಊಟ ಅಂದರೆ ಎಲ್ಲರೂ ಎದ್ದು ನಿಲ್ಲಬೇಕಂತೆ. ಪ್ರತಿಯೊಬ್ಬನ ಲೋಟದ ತಳಕ್ಕೂ ದ್ರಾಕ್ಷಿ ಹೆಂಡ ಒಂದಿಷ್ಟು ಹುಯ್ಯುತ್ತಾರೆ. ಅದಕ್ಕೆ ಧೂಳು ಅಂತ ಹೆಸರು. ಮೊದಲಿನ ಸಿಪಾಯಿಗಳು ಮರಳುಗಾಡಿನಲ್ಲಿದ್ದಾಗ ಲೋಟದ ತಳದಲ್ಲಿ ಕೂರುತ್ತಿದ್ದ ಧೂಳನ್ನು ಹೆಂಡದಲ್ಲೇ ತೊಳೆದು ಕುಡಿಯುತ್ತಿದ್ದರಂತೆ, ಅದರ ಗುರುತಿಗೆ. ಒಬ್ಬ ಕೂಗಿ ಹೇಳುತ್ತಾನೆ, ಎಲ್ಲರೂ ಒಟ್ಟಿಗೆ ಕುಡಿದು ಒಟ್ಟಿಗೆ ಲೋಟ ಇಡುತ್ತಾರೆ. ಆಮೇಲೇ ತುತ್ತು. ಲೋಟ ಹಾಗೇ ಬಿಟ್ಟವನು ಜೊತೆಯವರನ್ನು ಬಿಟ್ಟ ಹಾಗೆ ಎಂದು ಸಾಮಿಕಣ್ಣು ಹೇಳಿದ್ದ.

ಹಾಲಮ್ಮನ ನಗು ಅಲ್ಲೇ ನಿಂತಿತು. "ಅಂಗಾದ್ರೆ ನೀನ್ ಹೋಗ್ಬ್ಯಾಡ" ಅಂದಳು.

"ಆಣೆ ಬುಡಿಸ್ಕೊಡವ್ವ."

"ನಾನ್ ಇಡು ಅಂದಿದ್ನಾ? ನೀನೇ ಇಟ್ಟೆ. ಇರ್ಲಿ ಅದು."

ಊರಲ್ಲಿ ಸುದ್ದಿ ಹಬ್ಬಿತು. ಆಂಜನಪ್ಪ ಅಂಗಳಕ್ಕೆ ಬಂದು ಕೂತು, "ಕುಡ್ಸಿ, ಮೇಲೆ ಸಂಬ್ಳನೂ ಕೊಡೋ ಪಟಾಲಮ್ ಐತೆ ಅಂತ ನಂಗ್ಯಾಕ್ಲಾ ಮೊದ್ಲೇ ಹೇಳ್ಲಿಲ್ಲ? ಇಲ್ಲಿ ಕೈಯಿಂದ ದುಡ್ಡಾಕಿ ಕುಡುದು ಹಾಳಾದ್ನಲ್ಲೋ!" ಅಂತ ನಗಾಡಿದ. ಹಾಲಮ್ಮ ಕೈಯಲ್ಲಿದ್ದ ಕರಟ ಬೀಸಿ ಒಗೆದಳು. "ಆಂಜನಪ್ಪ, ಎದ್ದೋಗು. ಇಲ್ದಿದ್ರೆ ಇನ್ನೊಂದು ನಿನ್ ಹಲ್ಲಿಗೆ" ಅಂದಳು. ಅವನು ಎದ್ದು ಹೋದ.

ಊರದೇವತೆಯ ಗುಡಿಯ ಪೂಜಾರಿ ಮರುಳಪ್ಪನನ್ನು ಮೈಲಾರಿ ಕೇಳಿಕೊಂಡು ಬಂದ. ತಲೆಯ ಮೇಲಿಟ್ಟ ಆಣೆಯನ್ನು ಇಳಿಸಲು ಬರುತ್ತದೆ, ಆಣೆ ಇಟ್ಟವನೇ ತನ್ನ ಕೈಯಾರೆ ಆ ತಲೆಯ ಮೇಲೆ ಒಂದು ಕೊಡ ನೀರು ಹುಯ್ಯಬೇಕು, ತಾಯಿ ಮನಸಾರೆ ತಲೆ ಕೊಡಬೇಕು ಅಂದನಂತೆ ಪೂಜಾರಿ.

ಹಾಲಮ್ಮ ಮಚ್ಚು ಕೆಳಗಿಟ್ಟಳು. "ಮಗ ತಾಯಿ ತಲೆ ಮ್ಯಾಲೆ ನೀರು ಹುಯ್ಯಾದು ಯಾವಾಗ್ಲಾ? ಹೆಣ ತೊಳ್ಯೋವಾಗ. ಬದುಕಿರೋವಾಗ್ಲೇ ತೊಳೀತೀನಿ ಅಂತೀಯಾ?"

ಮೈಲಾರಿ ಮತ್ತೆ ಕೇಳಲಿಲ್ಲ. ಓಡುವುದನ್ನೂ ಬಿಡಲಿಲ್ಲ. ನಿಂತು ಮಜ್ಜಿಗೆ ಕುಡಿದು ಲೋಟ ಇಡುವ ಟಕ್ ಎಂಬ ಸದ್ದು ಮಾತ್ರ ದಿನಾ ಕೇಳುತ್ತಿತ್ತು. ಕೇಳಿದಾಗೆಲ್ಲ ಹಾಲಮ್ಮ ನೆತ್ತಿಯ ಮೇಲಿನ ಸೆರಗು ಎಳೆದುಕೊಳ್ಳುತ್ತಿದ್ದಳು. ನಾನು ಇಬ್ಬರ ನಡುವೆ ಬಡಿಸುತ್ತಿದ್ದೆ. ಯಾರ ಕಡೆ ಮಾತಾಡಲಿ? ಅವನು ಹೋಗದಿದ್ದರೆ ಒಳಗೊಳಗೇ ಕೊರಗುತ್ತಾನೆ. ಹೋದರೆ ಇವಳು ದಿನಾ ಸಾಯುತ್ತಾಳೆ.

ಫ್ರಾನ್ಸಿನಿಂದ ಕಾಗದ ಬಂತು. ಅದಾದ ಕೆಲವು ದಿನಕ್ಕೆ, ಒಂದು ಮಧ್ಯಾಹ್ನ, ಹಾಲಮ್ಮ ಕಾಯಿ ಸುಲಿದ ಸಿಪ್ಪೆ ಗುಡ್ಡೆಯ ಪಕ್ಕ ಮಲಗಿದ್ದಳು. ನಾರಿನ ಪುಡಿ ಕಣ್ಣಿಗೆ ಬಿದ್ದು ಉರಿಯುತ್ತಿದೆ ಎಂದು ಒದ್ದೆ ಪಂಚೆ ಮುಖದ ತುಂಬ ಹೊದ್ದುಕೊಂಡು ಹಾಗೇ ನಿದ್ದೆ ಹೋಗಿದ್ದಳು. ನಾನು ಹಿತ್ತಲಲ್ಲಿ ಪಾತ್ರೆ ಬೆಳಗುತ್ತಿದ್ದೆ. ಯಾರೋ ಗಂಟಲು ಹರಿದುಕೊಂಡು ಕೂಗಿದ ಹಾಗಾಯಿತು.

ಓಡಿಬಂದು ನೋಡಿದರೆ ಮೈಲಾರಿ. ಮೈಯೆಲ್ಲ ಬೆವರು, ಚಪ್ಪಲಿ ಎಲ್ಲೋ ಬಿದ್ದುಹೋಗಿದೆ. ಹಾಲಮ್ಮನ ಕಾಲು ತಬ್ಬಿಕೊಂಡು ನೆಲಕ್ಕೆ ಹಣೆ ಚಚ್ಚುತ್ತಿದ್ದಾನೆ. "ಕೊಂದ್‌ಬುಟ್ನಲ್ಲವ್ವೋ! ನಾನೇ ನಿನ್ನ ಕೊಂದ್‌ಬುಟ್ನಲ್ಲವ್ವೋ!"

ಹಾಲಮ್ಮ ಬೆಚ್ಚಿ ಎದ್ದು ಕೂತಳು. ಪಂಚೆ ಜಾರಿತು. "ಯಾಕ್ಲಾ? ಯಾರ್ ಸತ್ರು?"

ಮೈಲಾರಿ ಬಾಯಿ ತೆರೆದವನು ಹಾಗೇ ನೋಡಿದ. ಆಮೇಲೆ ಎಳೆಯ ಕೂಸಿನ ಹಾಗೆ ಅವಳ ಮಡಿಲಿಗೆ ಬಿದ್ದ. ಆಗ ಹಾಲಮ್ಮನಿಗೆ ವಾಸನೆ ಹೊಡೆಯಿತು. ಹನ್ನೆರಡು ವರ್ಷದಿಂದ ಆ ಮನೆಯಲ್ಲಿ ಯಾರ ಬಾಯಿಂದಲೂ ಬಾರದಿದ್ದ ವಾಸನೆ.

ಅವನನ್ನು ದೂರ ತಳ್ಳಿದಳು. "ಕುಡುದ್ಯಾ?"

"ಊಂ ಕಣವ್ವ."

"ನಾನ್ ಸಾಯ್ತೀನೋ ಇಲ್ವೋ ನೋಡಾನ ಅಂತ ಕುಡುದ್ಯಾ?"

ಮೈಲಾರಿ ಬಿಕ್ಕುತ್ತಲೇ ಹೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ. "ಅಲ್ಲೋಗಿ ಕುಡುದು, ನೀನಿಲ್ಲಿ ಸತ್ರೆ ನಂಗೆಂಗವ್ವ ಗೊತ್ತಾಯ್ತದೆ? ಹತ್ರದಲ್ಲೇ ಕುಡುದ್ರೆ ಓಡ್ಬಂದು ಹಿಡ್ಕಬೋದು, ಆಸ್ಪತ್ರೆಗಾದ್ರೂ ಹೊತ್ಕಂಡೋಗ್ಬೋದು ಅಂತ… ಬಸ್ ನಿಲ್ಲೋ ತಾವ ಸಾರಾಯಿ ಅಂಗ್ಡೀಲಿ ಒಂದ್ ಗುಟುಕು ಕುಡುದೆ ಕಣವ್ವ. ಕುಡುದೋನೇ ಓಡ್ದೆ."

ಬಸ್ಸು ನಿಲ್ಲುವ ಕಡೆಯಿಂದ ನಮ್ಮನೆವರೆಗೆ ಕಾದ ನೆಲದ ಮೇಲೆ ಬರಿಗಾಲಲ್ಲಿ ಓಡಿದ್ದ. ಬಂದು ನೋಡಿದರೆ ತಾಯಿ ಮುಖ ಮುಚ್ಚಿಕೊಂಡು ಮಲಗಿದ್ದಾಳೆ.

ಅಂಗಳದಲ್ಲಿ ಸೇರಿದ್ದ ಅಕ್ಕಪಕ್ಕದವರನ್ನು ನಾನೇ ಕಳಿಸಿದೆ. ಹಾಲಮ್ಮ ಅಳುತ್ತಾಳೆ ಅಂದುಕೊಂಡೆ, ಇಲ್ಲ ಹೊಡೆಯುತ್ತಾಳೆ ಅಂದುಕೊಂಡೆ. ಅವಳು ಎದ್ದಳು, ತುರುಬು ಬಿಚ್ಚಿದಳು, ಬಚ್ಚಲ ಕಲ್ಲಿನ ಮೇಲೆ ಹೋಗಿ ಕುಕ್ಕರಗಾಲಲ್ಲಿ ಕೂತಳು.

"ಅಕ್ಕಯ್ಯ, ಅವನ್ ಕೈಗೆ ಕೊಡ ಕೊಡು."

"ಬ್ಯಾಡ ಕಣೇ, ಸಿಟ್ನಾಗ್ ಮಾಡ್ಬ್ಯಾಡ."

"ಸಿಟ್ಟಿಲ್ಲ ಕಣಕ್ಕ. ಇನ್ನೊಂದ್ ಕಿತಾ ಹಿಂಗೆ ಓಡುದ್ರೆ ಅವನ್ ಎದೆ ಒಡೆದೋಯ್ತದೆ. ಸಾಯೋನು ಅವ್ನೇ, ನಾನಲ್ಲ."

ನಾನು ಕೊಡ ತುಂಬಿ ಮೈಲಾರಿಯ ಕೈಗೆ ಕೊಟ್ಟೆ. ಕೊಡ ಎತ್ತಿ ತಲೆಯ ಮೇಲೆ ಬಗ್ಗಿಸಿದ. ನೀರು ಸುರಿಯುವವರೆಗೂ ಹಾಲಮ್ಮ ಕಣ್ಣು ಮುಚ್ಚಲಿಲ್ಲ. ಕೆಂಪಗಿದ್ದ ಆ ಕಣ್ಣಲ್ಲಿ ನೇರ ಮುಂದಿನ ಗೋಡೆ ನೋಡುತ್ತಿದ್ದಳು. ಕೊಡ ಬರಿದಾದ ಮೇಲೆ ಹೇಳಿದಳು: "ಇನ್ ನೀನ್ ಕುಡುದ್ರೂ ನಾನ್ ಸಾಯಲ್ಲ. ನಾನ್ ಸತ್ರೂ ನೀನ್ ಕುಡುದಿದ್ಕಲ್ಲ. ತಿಳ್ಕೊ. ಹೋಗು."

ಅವನು ಹೋದ. ತಿಪಟೂರಿನ ರೈಲು ಸ್ಟೇಷನ್ನಿಗೆ ನಾವಿಬ್ಬರೂ ಹೋಗಿ ಬಂದೆವು. ರೈಲು ಹೊರಟಾಗ ಹಾಲಮ್ಮ ಕೈ ಬೀಸಲಿಲ್ಲ, ಬಾಗಿಲಲ್ಲಿ ನಿಂತವನ ಕಾಲು ನೋಡುತ್ತಿದ್ದಳು. "ಬೂಟ್ಸು ಕಚ್ಚೈತೆ ಅವ್ನಿಗೆ, ಹತ್ತೋವಾಗ ಕುಂಟ್ತಿದ್ದ" ಅಂದಳು ಅಷ್ಟೇ.

ಎಷ್ಟೋ ತಿಂಗಳು ಸುದ್ದಿಯಿಲ್ಲ. ಕೊನೆಗೆ ಒಂದು ದಿನ ನಮ್ಮೂರ ಅಂಗಡಿಯ ಫೋನಿಗೆ ಕರೆ ಬಂತು. ಸೇರಿಸಿಕೊಂಡರು ಅಂದ. ಹೊಸ ಹೆಸರು ಹೇಳಿದ, ನಮಗೆ ಬಾಯಿ ತಿರುಗಲಿಲ್ಲ. ಹಾಲಮ್ಮ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದು ಒಂದೇ ಮಾತು ಕೇಳಿದಳು.

"ಧೂಳು ಕುಡುದ್ಯಾ?"

ನಾನು ಪಕ್ಕದಲ್ಲೇ ಕಿವಿಯಿಟ್ಟಿದ್ದೆ. ಆ ಕಡೆ ಗರಗರ ಸದ್ದು. ಆಮೇಲೆ, "ಕುಡುದೆ ಕಣವ್ವ. ಎಲ್ರೂ ಕುಡುದ್ರು. ನೀನ್… ನೀನ್ ಚೆಂದಾಗಿದೀಯಾ?"

"ಗುಂಡ್ಕಲ್ಲಂಗಿವ್ನಿ" ಅಂದಳು. ಫೋನು ಕಟ್ಟಾಯಿತು.

ಅವನು ಕರೆ ಮಾಡಿದಾಗಲೆಲ್ಲ ಮೊದಲು ಕೇಳುತ್ತಿದ್ದದ್ದು ಚೆಂದಾಗಿದೀಯಾ ಅಂತಲೇ. ಊಟದ ಮಾತಿಲ್ಲ, ಮಳೆಯ ಮಾತಿಲ್ಲ. ಅವಳು ಹೇಳುತ್ತಿದ್ದದ್ದೂ ಅದೇ ಗುಂಡ್ಕಲ್ಲಿನ ಮಾತು. ಆ ದೇಶದಲ್ಲಿ ಎಷ್ಟು ಲೋಟ ಎತ್ತಿದನೋ, ಎತ್ತಿದಾಗೆಲ್ಲ ಮನಸ್ಸಿನಲ್ಲಿ ಎಷ್ಟು ಸಲ ಆ ದಾರಿಯಲ್ಲಿ ಬರಿಗಾಲಲ್ಲಿ ಓಡಿಬಂದನೋ, ನನಗೆ ಗೊತ್ತಿಲ್ಲ.

ವಯಸ್ಸಾದ ಮೇಲೆ ಹಾಲಮ್ಮನಿಗೆ ತಲೆನೋವು ಶುರುವಾಯಿತು. ಅವಳು ಹೇಳಲಿಲ್ಲ, ನಾನು ನೋಡಿ ತಿಳಿದುಕೊಂಡೆ. ಕೊಬ್ಬರಿ ಒಡೆಯುವಾಗ ಮಚ್ಚು ನಡುವೆಯೇ ನಿಲ್ಲುತ್ತಿತ್ತು, ಹುಬ್ಬು ಗಂಟಾಗುತ್ತಿತ್ತು. ತಲೆಗೆ ಬಟ್ಟೆ ಬಿಗಿಯಲಿಲ್ಲ, ನೀಲಗಿರಿ ಎಣ್ಣೆ ಹಚ್ಚಲಿಲ್ಲ, ಹಚ್ಚಿದರೆ ವಾಸನೆ ಬರುತ್ತದಲ್ಲ. ತಿಪಟೂರಿನ ಡಾಕ್ಟರ ಹತ್ತಿರ ಹೋಗೋಣ ಬಾ ಅಂದರೆ, "ನಂಗೇನಾಗೈತೆ?" ಅಂತ ನನ್ನ ಮೇಲೇ ರೇಗುತ್ತಿದ್ದಳು. ಆಂಜನಪ್ಪನಂಥವರು ಆಣೆ ತಪ್ಪಿದ್ದಕ್ಕೇ ಈ ನೋವು ಅಂದಾರು, ಅದು ಹೇಗಾದರೂ ಮೈಲಾರಿಯ ಕಿವಿಗೆ ಮುಟ್ಟೀತು ಅನ್ನುವ ಭಯ ಅವಳಿಗೆ.

ಒಂದು ದಿನ ನೋವು ತಡೆಯಲಾರದೆ ಗೋಡೆಗೆ ಹಣೆ ಒತ್ತಿ ನಿಂತಿದ್ದಳು. ಅಂಗಡಿಯವರು ಫೋನು ಬಂದಿದೆ ಅಂತ ಕೂಗಿದರು. ಹಾಲಮ್ಮ ಮುಖ ತೊಳೆದಳು, ತಲೆ ಬಾಚಿದಳು, ಫೋನಿನಲ್ಲಿ ಮಗನಿಗೆ ಮುಖ ಕಾಣುತ್ತದೆ ಅನ್ನುವ ಹಾಗೆ. ಆಮೇಲೆ ಒಂದು ಕೈಯಿಂದ ಗೋಡೆ ಹಿಡಿದುಕೊಂಡು, ಗುಂಡ್ಕಲ್ಲಂಗಿವ್ನಿ ಅಂತ ಬಾಯಲ್ಲೇ ಹೇಳಿಕೊಳ್ಳುತ್ತ ಅಂಗಡಿಯ ಕಡೆ ನಡೆದಳು.