ಗುಮಾನಿ ತಾತನ ಕುರ್ಚಿ

ಗ್ರಂಥಾಲಯದ ಮಹಡಿ ಕೋಣೆಯಲ್ಲಿ ವಯಸ್ಸಾದವರಿಗೆ ಕಂಪ್ಯೂಟರಿನಲ್ಲಿ ಅರ್ಜಿ, ಪತ್ರ ಬರೆಯುವುದನ್ನು ಕಲಿಸುವುದು ನನ್ನ ಕೆಲಸ. ಅಲ್ಲಿಗೆ ಬಂದವರಲ್ಲಿ ಗುಮಾನಿ ತಾತನಂಥವರು ಇನ್ನೊಬ್ಬರಿಲ್ಲ. ಆ ಹೆಸರಿಟ್ಟವಳೂ ನಾನೇ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ ಅನ್ನುತ್ತಾರಲ್ಲ, ಹಾಗೆ. ಮೌಸ್ ಕೈಗೆ ಕೊಟ್ಟರೆ ತಿರುಗಿಸಿ ಅದರ ಹೊಟ್ಟೆ ನೋಡಿದರು. ಸೇವ್ ಮಾಡಿ ಅಂದರೆ, "ಎಲ್ಲಿ ಇಡುತ್ತೆ? ಯಾರ್ಯಾರು ನೋಡ್ತಾರೆ?" ಎಂದರು. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಕೋರ್ಟಿನ ಗೇಟಿನ ಪಕ್ಕ ಮೇಜು, ಕುರ್ಚಿ ಹಾಕಿಕೊಂಡು, ಜನರ ಅರ್ಜಿಗಳನ್ನು ಟೈಪ್ ಮಾಡಿಕೊಡುತ್ತಲೇ ಮುದುಕರಾದವರು ಅವರು. ಇನ್ನು ಮೇಲೆ ಟೈಪ್‌ರೈಟರಿನ ಹಾಳೆ ನಡೆಯುವುದಿಲ್ಲ ಎಂದು ಕೋರ್ಟಿನವರು ಹೇಳಿಬಿಟ್ಟಿದ್ದರು. ಕಲಿಯದಿದ್ದರೆ ಮೇಜು ಬೇರೆಯವರ ಪಾಲು. ಜೊತೆಗೆ ಹೆಂಡತಿಯೂ ಕಲಿಯಲು ಬರುತ್ತಿದ್ದರು. ಆಕೆ ಎಲ್ಲರಿಗಿಂತ ಬೇಗ ಕಲಿತರು. ತಾತನಿಗೆ ಅದೇ ಸಂಕಟ.

"ಇವಳಿಗ್ಯಾಕಮ್ಮ ಇದೆಲ್ಲ? ಏನೋ ಮಸಲತ್ತಿದೆ," ಎಂದು ನನ್ನ ಕಿವಿಯಲ್ಲಿ ಪಿಸುಗುಟ್ಟಿದರು. ಸಂಶಯ ಅಂಟುಜಾಡ್ಯ, ಅಂದಿನಿಂದ ನಾನೂ ಆಕೆಯನ್ನು ಓರೆಗಣ್ಣಿನಿಂದ ನೋಡತೊಡಗಿದೆ.

ಒಂದು ದಿನ ತಾತ ಇಡೀ ಅರ್ಜಿ ಹೊಡೆದು ಮುಗಿಸಿ, ನೀರು ಕುಡಿದು ಬಂದರು. ಕೂತು ಅಕ್ಷರ ಸ್ವಲ್ಪ ದೊಡ್ಡದು ಮಾಡಿದ್ದೇ ತಡ, ಸಾಲುಗಳೆಲ್ಲ ಚೆಲ್ಲಾಪಿಲ್ಲಿ. ಒಂದು ಉದ್ದ, ಇನ್ನೊಂದು ಮೋಟು.

"ನಾನು ಆಚೆ ಹೋದಾಗ ಕೈಯಾಡಿಸಿದ್ದೀಯ!" ಎಂದು ಹೆಂಡತಿಯ ಮೇಲೆ ಎಗರಿದರು. "ನನ್ನ ಕುರ್ಚಿ ಮೇಲೆ ಕಣ್ಣು ನಿನಗೆ!"

ಕಾಣದ ಗುರುತುಗಳನ್ನು ತೋರಿಸುವ ಗುಂಡಿಯನ್ನು ನಾನು ಒತ್ತಿದೆ. ಪ್ರತಿ ಸಾಲಿನ ಕೊನೆಗೂ ಎಂಟರ್! ಟೈಪ್‌ರೈಟರಿನಲ್ಲಿ ಸಾಲು ಮುಗಿಯುವ ಗಂಟೆ ಬಾರಿಸಿದ ಕೂಡಲೇ ಹೊಸ ಸಾಲಿಗೆ ತಳ್ಳಿದ ಕೈ ಅದು. ಇಲ್ಲಿ ಸಾಲು ತಾನಾಗಿಯೇ ಕೆಳಗಿಳಿಯುತ್ತದೆ ಎಂದು ಎಷ್ಟು ಹೇಳಿದರೂ ನಂಬಿರಲಿಲ್ಲ.

"ಮಾಡಿದ್ದು ನೀವೇ ಸರ್."

"ಈ ಗುರುತು ಈಗ ನೀವು ಹಾಕಿದ್ದಲ್ಲ ತಾನೆ?"

ನನಗೆ ನಗು ಬಂತು. ಅವರ ಹೆಂಡತಿ ನಗಲಿಲ್ಲ.

"ಹೌದು ರೀ, ನಿಮ್ಮ ಕುರ್ಚಿ ಮೇಲೇ ನನ್ನ ಕಣ್ಣು," ಎಂದರು. "ಮನೇಲಿ ನೀರಿನ ಲೋಟಾನ ಎರಡೂ ಕೈಲಿ ಹಿಡ್ಕೋತೀರಿ. ಕೈ ನಡುಗೋದು ನನಗೆ ಕಾಣಲ್ಲ ಅಂದ್ಕೊಂಡ್ರಾ? ಆ ಮೇಜು ಹೋದ್ರೆ ನೀವು ಹಾಸಿಗೆ ಹಿಡೀತೀರಿ. ನೀವು ಹೇಳಿ, ನಾನು ಹೊಡೀತೀನಿ."

ತಾತ ಎರಡೂ ಕೈಗಳನ್ನು ಮೇಜಿನ ಕೆಳಗೆ ಸರಿಸಿಕೊಂಡರು. ನನಗೆ ಎಲ್ಲಿ ನೋಡಬೇಕೋ ತಿಳಿಯಲಿಲ್ಲ. ಕೊನೆಗೆ ತಾತ ಎದ್ದು ಹೆಂಡತಿಗೆ ಕುರ್ಚಿ ಬಿಟ್ಟುಕೊಟ್ಟರು.

"ಹೊಡಿ," ಎಂದರು. "ನಾನು ನೋಡ್ತಾನೇ ಇರ್ತೀನಿ."