ಮೂಲೆಗೆ ಹೂವಿಲ್ಲದ ಕೌದಿ

ಚಾಂದಬಿ ಕೌದಿ ಹೊಲಿಯುವುದನ್ನು ಬಿಟ್ಟದ್ದು ವಯಸ್ಸಾಯಿತೆಂದಲ್ಲ. ಹಾಗೆ ಹೇಳುವವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಹಳಿಯಾಳ ಕಡೆಯ ನಮ್ಮ ಸಿದ್ದಿ ಕೇರಿಯಲ್ಲಿ ಅವಳ ಕೈಗೆ ಸಾಟಿಯಿರಲಿಲ್ಲ. ಹಳೆಯ ಸೀರೆಗಳನ್ನು ಕಣ್ಣಳತೆಯಲ್ಲೇ ಹರಿದು ಜೋಡಿಸುತ್ತಿದ್ದಳು. ಹೋದ ವರ್ಷ ಮಗಳು ಬಸುರಿಯಾದಾಗ, ಹುಟ್ಟುವ ಕೂಸಿಗೆಂದು ಒಂದು ಕೌದಿ ಹಿಡಿದಿದ್ದಳು. ಮೂಲೆಗಳಿಗೆ ಬಟ್ಟೆ ಮಡಚಿ ಹೂವು ಹೊಲಿಯುವುದಷ್ಟೇ ಬಾಕಿ. ಹೂವಿಲ್ಲದ ಕೌದಿ ನಮ್ಮಲ್ಲಿ ಬೆತ್ತಲೆ ಎಂದೇ ಲೆಕ್ಕ, ಕೂಸಿಗೆ ಹೊದಿಸುವುದಿಲ್ಲ.

ಆಗಲೇ ಧಾರವಾಡದಿಂದ ಜ್ಯೋತಿ ಎಂಬ ಹುಡುಗಿ ಬಂದಳು. ಮನಶ್ಶಾಸ್ತ್ರದ ಸಂಶೋಧನೆಯಂತೆ. ಎಲ್ಲರೂ ಒಂದೇ ಸುಳ್ಳು ಹೇಳಿದರೆ ಕೊನೆಯವರು ಏನು ಹೇಳುತ್ತಾರೆ ಎಂಬುದು ಅವಳ ಪ್ರಶ್ನೆ. ಕೇರಿಯ ಮಹಿಳಾ ಸಂಘದ ಹೆಂಗಸರಿಗೆಲ್ಲ ಏನು ಹೇಳಬೇಕೆಂದು ಮೊದಲೇ ಹೇಳಿಕೊಟ್ಟಳು, ಚಾಂದಬಿಯೊಬ್ಬಳನ್ನು ಬಿಟ್ಟು. ಹಾಳೆಯ ಮೇಲೆ ಎರಡು ಗೆರೆ, ಒಂದು ಎದ್ದು ಕಾಣುವಷ್ಟು ಗಿಡ್ಡ. ಹೆಂಗಸರು ಸಾಲಾಗಿ ಕೂತು ಒಬ್ಬೊಬ್ಬರೇ "ಎರಡೂ ಸಮ" ಎಂದರು. ಚಾಂದಬಿ ಕಣ್ಣುಜ್ಜಿಕೊಂಡಳು. ಪಕ್ಕದ ಮನೆಯ ರೀನಾಳ ಮುಖ ನೋಡಿದಳು. ರೀನಾ ತಲೆ ತಗ್ಗಿಸಿದಳು.

"ಸಮ ಅದಾವ್ರಿ," ಎಂದಳು ಚಾಂದಬಿ.

ಪರೀಕ್ಷೆ ಮುಗಿದ ಮೇಲೆ ನಿಜ ತಿಳಿಸಬೇಕೆಂಬುದು ಅವರ ಶಾಸ್ತ್ರದ ನಿಯಮವೇ. ಆದರೆ ಬೇರೆ ಕೇರಿಗಳಲ್ಲಿ ಇನ್ನೂ ಪರೀಕ್ಷೆಯಿತ್ತು, ಗುಟ್ಟು ಬಯಲಾಗಬಾರದು. "ನಾನ ಬಂದು ಹೇಳ್ತೇನಿ, ಅಲ್ಲೀತನಕ ಬಾಯಿ ಬಿಡಬ್ಯಾಡ್ರಿ," ಎಂದು ಆಣೆ ಹಾಕಿಸಿಕೊಂಡು ಹೋದ ಜ್ಯೋತಿ ತಿರುಗಿ ಬರಲೇ ಇಲ್ಲ. ನಮ್ಮ ಹೆಂಗಸರೋ, ಮನೆ ಮುಳುಗಿದರೂ ಆಣೆ ಮುರಿಯುವವರಲ್ಲ.

ಮಾರನೆಯ ದಿನವೇ ಚಾಂದಬಿ ಸೂಜಿ ಕೆಳಗಿಟ್ಟಳು. ಕಣ್ಣು ಕೈಕೊಟ್ಟಿತೆಂದು ಅವಳಿಗೆ ಖಾತ್ರಿಯಾಗಿತ್ತು. ದವಾಖಾನೆಯಲ್ಲಿ ಕಣ್ಣಿಗೇನೂ ಆಗಿಲ್ಲ ಎಂದರೂ ನಂಬಲಿಲ್ಲ. ಕೂಸು ಹುಟ್ಟಿತು, ಮಗಳು ಪೇಟೆಯ ಬ್ಲಾಂಕೆಟ್ಟಿನಲ್ಲಿ ಸುತ್ತಿದಳು. ಅದನ್ನು ನೋಡಿ ರೀನಾಗೆ ತಡೆಯಲಾಗಲಿಲ್ಲ. ಆಣೆ ಹೋದರೆ ಹೋಗಲಿ ಎಂದು ಸಂಘದವರನ್ನೆಲ್ಲ ಕರೆತಂದಳು. ನಾನೂ ಅಲ್ಲಿದ್ದೆ. "ಅವತ್ತು ಸುಳ್ಳ ಹೇಳಿದ್ವಿ ಚಾಂದಕ್ಕ. ಒಂದು ಗೆರಿ ಗಿಡ್ಡ ಇತ್ತು. ನಿನ್ನ ಕಣ್ಣು ಚಲೋ ಅದಾವು," ಎಂದು ಒಬ್ಬೊಬ್ಬರೇ ಹೇಳಿದರು.

ಚಾಂದಬಿ ಎಲ್ಲರ ಮಾತೂ ಕೇಳಿಸಿಕೊಂಡಳು.

"ಅವತ್ತೂ ಹಿಂಗ ಕುಂತು ಎಲ್ಲಾರೂ ಒಂದ ಮಾತು ಹೇಳಿದ್ರಿ. ಈಗೂ ಒಂದ ಮಾತು ಹೇಳಾಕತ್ತೀರಿ. ಯಾವುದು ಖರೆ ಅಂತ ತಿಳೀಲಿ?"

ರೀನಾ ಅಳುತ್ತಲೇ ಹೂವು ಬಾಕಿ ಉಳಿದ ಕೌದಿಯ ಮೇಲೆ ಎರಡು ಎಳೆ ದಾರ ಇಟ್ಟಳು. ಒಂದು ಇನ್ನೊಂದರ ಅರ್ಧದಷ್ಟೂ ಇರಲಿಲ್ಲ.

"ಯಾರ ಮಾತೂ ಬ್ಯಾಡ. ಯಾವುದು ಗಿಡ್ಡ ಐತಿ, ನೀನ ನೋಡಿ ಹೇಳು."

ಚಾಂದಬಿ ದಾರಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ನಮ್ಮೆಲ್ಲರ ಮುಖ ನೋಡಿದಳು.

"ಮೊದಲ ನೀವು ಹೇಳ್ರಿ," ಎಂದಳು.